ಪೆಟ್ಟಿಗೆಯಲ್ಲಿ ನಿಂತ ರೈಲು

ಒಂದು ವಸ್ತುವನ್ನು ಜೋಪಾನ ಮಾಡುವುದೆಂದರೆ ಅದನ್ನು ಬಳಸದೆ ಎತ್ತಿಡುವುದೇ? ಪ್ರಶ್ನೆ ಚಿಕ್ಕದು. ಆದರೆ ಮದುವೆಯಲ್ಲಿ ಬಂದ ಪಿಂಗಾಣಿ ಬಟ್ಟಲುಗಳು ಇಪ್ಪತ್ತು ವರ್ಷ ಷೋಕೇಸಿನಲ್ಲೇ ಕುಳಿತು, ಅತಿಥಿಗಳಿಗೆ ಸ್ಟೀಲ್ ಲೋಟದಲ್ಲಿ ಚಹಾ ಬರುವ ಮನೆಗಳನ್ನು ಕಂಡವರಿಗೆ ಅದು ಹೊಸದಲ್ಲ. ಈ ಪ್ರಶ್ನೆಯನ್ನು ನಾವಿಲ್ಲಿ ಬೇರೊಂದು ವಸ್ತುವಿನ ಮೂಲಕ ನೋಡಬಯಸುತ್ತೇವೆ. ಅದು ಜರ್ಮನಿ, ಇಂಗ್ಲೆಂಡ್, ಅಮೆರಿಕಗಳ ಹಳೆಯ ಆಟಿಕೆ ರೈಲು. ಎಂಬತ್ತು, ತೊಂಬತ್ತು, ಕೆಲವೊಮ್ಮೆ ನೂರು ವರ್ಷ ದಾಟಿದ ತಗಡಿನ ರೈಲುಗಳನ್ನು ಅಲ್ಲಿ ಕೆಲವರು ಇಂದಿಗೂ ಮನೆಯ ನೆಲದ ಮೇಲೆ ಹಳಿ ಜೋಡಿಸಿ ಓಡಿಸುತ್ತಾರೆ. ಸಂಜೆಯಾದರೆ ಬಿಚ್ಚಿ ಪೆಟ್ಟಿಗೆಗೆ ತುಂಬುತ್ತಾರೆ. ಇನ್ನು ಕೆಲವರು ಅದೇ ರೈಲುಗಳನ್ನು ಎಂದೂ ಓಡಿಸುವುದಿಲ್ಲ, ಗಾಜಿನ ಹಿಂದೆ ಇಡುತ್ತಾರೆ. ಇಬ್ಬರೂ ತಾವು ಅವನ್ನು ಪ್ರೀತಿಸುತ್ತೇವೆ ಎನ್ನುತ್ತಾರೆ.

ಈ ರೈಲುಗಳ ಹುಟ್ಟನ್ನು ಸ್ವಲ್ಪ ನೋಡಬೇಕು. ಜರ್ಮನಿಯ ಗ್ಯೋಪಿಂಗನ್ ಊರಿನ ಮೇರ್ಕ್ಲಿನ್ ಕಂಪನಿ 1859ರಲ್ಲಿ ಶುರುವಾದದ್ದು ಗೊಂಬೆಮನೆಯ ತಗಡಿನ ಪಾತ್ರೆಪರಡಿಗಳಿಂದ. 1891ರ ಲೈಪ್‌ಜಿಗ್ ಮೇಳದಲ್ಲಿ ಆ ಕಂಪನಿ ಕೀ ಕೊಟ್ಟು ಓಡಿಸುವ ರೈಲೊಂದನ್ನು, ಇಂಗ್ಲಿಷಿನ ಎಂಟರ ಆಕಾರದ ಹಳಿಯನ್ನು ಪ್ರದರ್ಶಿಸಿತು. ಅದರ ಹೊಸತನವಿದ್ದದ್ದು ರೈಲಿನಲ್ಲಿ ಅಲ್ಲ, ಹಳಿಯಲ್ಲಿ. ತುಂಡು ತುಂಡಾಗಿ ಕೊಂಡು, ಬೇಕಾದಂತೆ ಜೋಡಿಸಿ, ಮತ್ತೆ ಬಿಚ್ಚಬಹುದಾದ, ಅಳತೆ ಗೊತ್ತುಮಾಡಿದ ಹಳಿ ಅದು. ಮೀಟರ್‌ಗೇಜ್, ಬ್ರಾಡ್‌ಗೇಜ್ ಎಂಬ ಮಾತುಗಳು ನಮ್ಮ ಓದುಗರಿಗೆ ಪರಿಚಿತವೇ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್ ಅಗಲವಾದರೆ, ಆಟಿಕೆ ರೈಲುಗಳಲ್ಲಿ ಹೆಚ್ಚು ಬಳಕೆಗೆ ಬಂದ 'ಓ' ಗೇಜ್ ಸುಮಾರು 32 ಮಿಲಿಮೀಟರ್.

ಅಮೆರಿಕದಲ್ಲಿ ಜೋಶುವಾ ಲಯನೆಲ್ ಕೋವೆನ್ 1900ರಲ್ಲಿ ಸ್ಥಾಪಿಸಿದ ಲಯನೆಲ್ ಕಂಪನಿಯ ಮೊದಲ ರೈಲು ಆಟಿಕೆಯಾಗಿರಲೇ ಇಲ್ಲ. ಅಂಗಡಿಯ ಕಿಟಕಿಯಲ್ಲಿ ಸುತ್ತುತ್ತಾ ದಾರಿಹೋಕರ ಕಣ್ಣು ಸೆಳೆಯಲೆಂದು ಮಾಡಿದ ಜಾಹೀರಾತಿನ ಸಾಧನ ಅದು. ಬಂದ ಗಿರಾಕಿಗಳು ಕಿಟಕಿಯ ಸರಕನ್ನು ಬಿಟ್ಟು ರೈಲನ್ನೇ ಕೇಳತೊಡಗಿದರು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮೆಕ್ಯಾನೊ ಎಂಬ ಜೋಡಣೆಯ ಆಟಿಕೆಯಿಂದ ಹೆಸರಾಗಿದ್ದ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ತನ್ನ ಹೆಸರಿನ ರೈಲುಗಳನ್ನು ಮಾರುಕಟ್ಟೆಗೆ ತಂದ. ತವರ ಲೇಪಿಸಿದ ಉಕ್ಕಿನ ತಗಡು, ಅದರ ಮೇಲೆ ಬಣ್ಣ, ಒಳಗೊಂದು ಸ್ಪ್ರಿಂಗ್. ಇಷ್ಟೇ.

ನೆಲದ ಮೇಲೆ ಓಡಿಸುವುದು ಸುಲಭವೆಂದು ತಿಳಿಯಬೇಡಿ. ಲಯನೆಲ್‌ನ ಚಿಕ್ಕ ಹಳಿಯ ಎಂಟು ಬಾಗಿದ ತುಂಡುಗಳನ್ನು ಕೂಡಿಸಿದರೆ 27 ಅಂಗುಲ ವ್ಯಾಸದ ಒಂದು ಸುತ್ತು ಸಿಗುತ್ತದೆ. ಅಷ್ಟು ಜಾಗ ಯಾವ ಮನೆಯಲ್ಲೂ ಇರುತ್ತದೆ ನಿಜ, ಆದರೆ ಒಂದು ಸುತ್ತಿಗೆ ತೃಪ್ತನಾದ ಮನುಷ್ಯನನ್ನು ಯಾರು ಕಂಡಿದ್ದಾರೆ? ಹಳಿ ಕುರ್ಚಿಯ ಕಾಲುಗಳ ನಡುವೆ ನುಸುಳುತ್ತದೆ, ಮಂಚದ ಅಡಿ ಸುರಂಗವಾಗುತ್ತದೆ, ನಾಲ್ಕು ಪುಸ್ತಕ ಪೇರಿಸಿದರೆ ಸ್ಟೇಷನ್. ಜಮಖಾನೆಯ ಮೇಲೆ ಹಳಿ ಹಾಸಿದರೆ ಅದರ ನೂಲು ಗಾಲಿಯ ಅಚ್ಚಿಗೆ ಸುತ್ತಿಕೊಳ್ಳುತ್ತದೆ, ಇಂಜಿನ್ನಿನ ಎಣ್ಣೆ ಜಮಖಾನೆಗೆ ಹತ್ತುತ್ತದೆ. ಒಂದರ ಹಾನಿಗೆ ಇನ್ನೊಂದರ ಹಾನಿ ಸರಿಸಮ! ಕೀ ಕೊಡುವ ಇಂಜಿನ್ನನ್ನು ಬರಿದೇ ಬಿಟ್ಟರೆ ಅದು ಹುಚ್ಚು ಕುದುರೆಯಂತೆ ನುಗ್ಗಿ ಮೊದಲ ತಿರುವಿನಲ್ಲೇ ಮಗುಚಿಕೊಳ್ಳುತ್ತದೆ. ಹಿಂದೆ ತಕ್ಕಷ್ಟು ಭಾರ ಕಟ್ಟಿದರೆ ಮಾತ್ರ ಸ್ಥಿಮಿತಕ್ಕೆ ಬರುತ್ತದೆ. ಎಷ್ಟು ವ್ಯಾಗನ್ ಕಟ್ಟಬೇಕು ಎಂಬುದನ್ನು ಓಡಿಸುವವನ ಕಿವಿ ಹೇಳುತ್ತದೆ. ಸದ್ದು ಬಿಗಿಯಾದರೆ ಒಂದು ಕಳಚು, ಸಡಿಲವಾದರೆ ಒಂದು ಸೇರಿಸು.

ಇನ್ನು ಸಂಗ್ರಹಕಾರರ ಲೋಕಕ್ಕೆ ಬನ್ನಿ. ಅಲ್ಲಿ ಬೆಲೆಯ ಲೆಕ್ಕವೇ ಬೇರೆ. ಬಣ್ಣ ಎಷ್ಟು ಉಳಿದಿದೆ, ಗಾಲಿ ಹಳಿಯನ್ನು ಎಂದಾದರೂ ಮುಟ್ಟಿದ ಗುರುತಿದೆಯೇ, ರಟ್ಟಿನ ಪೆಟ್ಟಿಗೆ ಇದೆಯೇ, ಪೆಟ್ಟಿಗೆಯ ಮೂಲೆ ಹರಿದಿದೆಯೇ? ಎಲ್ಲಕ್ಕೂ ದರ್ಜೆಗಳಿವೆ. ಯಾವ ಮಗುವೂ ಆಡದ ಆಟಿಕೆಗೆ ಎಲ್ಲಕ್ಕಿಂತ ಮೇಲಿನ ದರ್ಜೆ. ಇದರ ವಿಡಂಬನೆ ತುದಿ ಮುಟ್ಟುವುದು ಲಯನೆಲ್ ಕಂಪನಿ 1957ರಲ್ಲಿ ಹೆಣ್ಣುಮಕ್ಕಳಿಗೆಂದು ತಂದ ರೈಲಿನಲ್ಲಿ. ಇಂಜಿನ್ನಿಗೆ ಗುಲಾಬಿ ಬಣ್ಣ, ಡಬ್ಬಿಗಳಿಗೂ ಮಿಠಾಯಿಯಂಥ ತಿಳಿ ಬಣ್ಣಗಳು. ಹೆಣ್ಣುಮಕ್ಕಳು ಅದನ್ನು ಬಯಸಲಿಲ್ಲ. ರೈಲಿನಲ್ಲಿ ಆಸಕ್ತಿಯಿದ್ದ ಹುಡುಗಿ ಕೇಳಿದ್ದು ರೈಲಿನಂತೆ ಕಾಣುವ ರೈಲನ್ನೇ ಇರಬೇಕು ಎಂದು ನಮ್ಮ ಊಹೆ. ಮಾರಾಟ ಸೋತಿತು. ಸೋತದ್ದರಿಂದ ಉಳಿದವು ಕಡಿಮೆ, ಕಡಿಮೆಯಾದದ್ದರಿಂದ ಇಂದು ಅದಕ್ಕೆ ಭಾರೀ ಬೆಲೆ. ಮಕ್ಕಳು ತಿರಸ್ಕರಿಸಿದ ಆಟಿಕೆಯನ್ನು ಹಿರಿಯರು ಪೈಪೋಟಿಯಲ್ಲಿ ಕೊಳ್ಳುತ್ತಾರೆ. ಎದೆಗವಚಿಕೊಂಡು ಸವೆಸಿದ ಇಂಜಿನ್ ಮಾತ್ರ ಗುಜರಿಯ ಬೆಲೆಗೆ ಇಳಿಯುತ್ತದೆ.

ಹಣದ ಮಾತನ್ನು ಬದಿಗಿಡೋಣ. ಓಡಿಸದವರಲ್ಲಿ ವ್ಯಾಪಾರದ ಆಸೆಯಿಲ್ಲದ ಪ್ರಾಮಾಣಿಕರೂ ಇದ್ದಾರೆ. ಅವರ ವಾದಕ್ಕೆ ತೂಕವಿದೆ. ಇದು ನನ್ನದಲ್ಲ, ಮುಂದಿನವರದು, ನಾನು ಕಾವಲುಗಾರ ಮಾತ್ರ ಎನ್ನುತ್ತಾರೆ ಅವರು. ಉರ್ದುವಿನಲ್ಲಿ ಇದಕ್ಕೊಂದು ಚಂದದ ಪದವಿದೆ: ಅಮಾನತ್. ಒಬ್ಬರು ನಂಬಿ ನಮ್ಮ ಕೈಗಿತ್ತದ್ದು, ಕೇಳಿದ ದಿನ ಹಿಂದಿರುಗಿಸಬೇಕಾದದ್ದು. ಅದೇ ಪದ ಕನ್ನಡಕ್ಕೆ ಬಂದು ಕಚೇರಿ ಸೇರಿದ ಮೇಲೆ ಬೇರೆಯೇ ಅರ್ಥ ಪಡೆಯಿತು. ನೌಕರನನ್ನು ಅಮಾನತಿನಲ್ಲಿಟ್ಟರೆಂದರೆ ಅವನಿಗೆ ಕುರ್ಚಿಯಿಲ್ಲ, ಕೆಲಸವಿಲ್ಲ, ಆದರೆ ಹೆಸರು ಮಾತ್ರ ಪಟ್ಟಿಯಲ್ಲಿದೆ ಎಂದರ್ಥ. ಎರಡೂ ಭಾಷೆಯಲ್ಲಿ ಓದಿದ ನಮ್ಮಂಥವರಿಗೆ ಗಾಜಿನ ಕಪಾಟಿನಲ್ಲಿ ನಿಂತ ರೈಲು ಕಂಡಾಗ ಅನುಮಾನ ಬರುತ್ತದೆ. ಇದು ಉರ್ದುವಿನ ಅಮಾನತ್ತೋ, ಕನ್ನಡದ ಅಮಾನತೋ?

ಅಮಾನತ್ತಿನ ವಸ್ತುವನ್ನು ಕಾಯುವವನು ತಾನೇ ಬಳಸಬಾರದಲ್ಲ ಎಂದು ಕೇಳಬಹುದು. ಒಪ್ಪೋಣ. ನಿಮ್ಮ ಬಳಿ ಒಬ್ಬ ಚಿನ್ನ ಬಿಟ್ಟುಹೋದರೆ ತೊಟ್ಟು ಮೆರೆಯುವಂತಿಲ್ಲ. ಆದರೆ ಕುದುರೆ ಬಿಟ್ಟುಹೋದರೆ? ಅದನ್ನು ದಿನಾ ನಾಲ್ಕು ಹೆಜ್ಜೆ ನಡೆಸದಿದ್ದರೆ ಹಿಂದಿರುಗಿಸುವ ದಿನ ಕುದುರೆಯ ಆಕಾರ ಸಿಗುತ್ತದೆ, ಕುದುರೆ ಸಿಗುವುದಿಲ್ಲ. ಆಟಿಕೆ ರೈಲು ಚಿನ್ನದ ಜಾತಿಯದೋ ಕುದುರೆಯ ಜಾತಿಯದೋ ಎಂಬುದೇ ಇಲ್ಲಿನ ಪ್ರಶ್ನೆ.

ಈ ವಿಷಯದಲ್ಲಿ ಲೋಹವೇ ಸ್ವಲ್ಪ ಸಾಕ್ಷಿ ಹೇಳುತ್ತದೆ. 1930ರ ದಶಕದ ಹಾರ್ನ್‌ಬಿ ರೈಲುಗಳ ಎಷ್ಟೋ ಗಾಲಿಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದಿದ್ದರು. ಆ ಎರಕದಲ್ಲಿ ಸೀಸದ ಅಂಶ ಚೂರು ಬೆರೆತರೂ ಸಾಕು, ವರ್ಷಗಳು ಕಳೆದಂತೆ ಲೋಹ ಒಳಗಿನಿಂದಲೇ ಊದಿ, ಬಿರುಕು ಬಿಟ್ಟು, ಬಿಸ್ಕತ್ತಿನಂತೆ ಉದುರುತ್ತದೆ. ರೈಲು ಓಡಿತೋ ಇಲ್ಲವೋ ಎಂಬುದನ್ನು ಈ ರೋಗ ವಿಚಾರಿಸುವುದಿಲ್ಲ. ಒಮ್ಮೆಯೂ ಹಳಿಯ ಮೇಲೆ ನಿಲ್ಲದ ಇಂಜಿನ್ನನ್ನು ಪೆಟ್ಟಿಗೆಯಿಂದ ತೆಗೆದರೆ ಗಾಲಿಯ ಜಾಗದಲ್ಲಿ ಬೂದು ಚೂರುಗಳು ಸಿಗಬಹುದು. ಹಳೆಯ ಎಣ್ಣೆ ಗೋಂದಿನಂತೆ ಗಟ್ಟಿಯಾಗುವುದೂ, ತೇವದಿಂದ ತಗಡು ತುಕ್ಕು ಹಿಡಿಯುವುದೂ ಪೆಟ್ಟಿಗೆಯೊಳಗೇ ನಡೆಯುತ್ತದೆ. ಓಡಿಸುವವನು ಇಂಥದ್ದನ್ನು ಬೇಗ ಗುರುತಿಸುತ್ತಾನೆ, ಏಕೆಂದರೆ ಅವನು ವಸ್ತುವನ್ನು ಕೈಯಲ್ಲಿ ಹಿಡಿಯುತ್ತಾನೆ. ಗಾಲಿ ಹೋದರೆ ಹೊಸದಾಗಿ ಎರಕ ಹೊಯ್ದ ಗಾಲಿ ಕೊಂಡು ಹಾಕುತ್ತಾನೆ. ಗಾಲಿ ಬದಲಾದ ಮೇಲೆ ಅದು ಹಳೆಯ ರೈಲೇ ಹೌದೇ ಎಂದು ತತ್ವಜ್ಞಾನಿಗಳು ವಾದಿಸಲಿ, ಅಷ್ಟರಲ್ಲಿ ಅದು ಎರಡು ಸುತ್ತು ಹಾಕಿ ಬಂದಿರುತ್ತದೆ.

ಹಾಗೆಂದು ಎಲ್ಲವನ್ನೂ ಓಡಿಸಬೇಕು ಎಂದರೆ ಅದೂ ಹಟವಾದೀತು. ಲೋಕದಲ್ಲಿ ಒಂದೋ ಎರಡೋ ಉಳಿದಿರುವ ರೈಲಿನ ಬಣ್ಣ ಕುರ್ಚಿಯ ಕಾಲಿಗೆ ತಾಗಿ ಕೆತ್ತಿಹೋದರೆ ಅದನ್ನು ಮರಳಿ ತರುವುದು ಯಾರಿಂದಲೂ ಆಗದು. ಅಂಥದ್ದು ಮ್ಯೂಸಿಯಂ ಸೇರುವುದೇ ನ್ಯಾಯ. ಹಳೆಯ ಪದ್ಧತಿಯೆಲ್ಲ ಒಳ್ಳೆಯದೂ ಅಲ್ಲ. 1925ರಲ್ಲಿ ಹಾರ್ನ್‌ಬಿ ತಂದ ಮೊದಲ ವಿದ್ಯುತ್ ರೈಲು ಮನೆಯ ವಿದ್ಯುತ್ತನ್ನೇ ನಡುವೆ ಒಂದು ಬಲ್ಬು ಇಟ್ಟು ನೇರ ಹಳಿಗೆ ಹರಿಸುತ್ತಿತ್ತು. ಮಕ್ಕಳು ಮಂಡಿಯೂರಿ ಕೂತ ನೆಲದ ಮೇಲೆ! ಅದನ್ನು ಇಂದು ಹಾಗೆಯೇ ಓಡಿಸುವುದು ನಿಷ್ಠೆಯಲ್ಲ, ಮೂರ್ಖತನ. ಆದರೆ ಲಕ್ಷಗಟ್ಟಲೆ ತಯಾರಾಗಿ ಇನ್ನೂ ಸಾಕಷ್ಟು ಸಿಗುವ ಸಾಮಾನ್ಯ ರೈಲುಗಳನ್ನೂ ಗಾಜಿನೊಳಗೆ ಕೂಡಿಹಾಕುವುದಕ್ಕೆ ನಮಗೆ ಕಾರಣ ಕಾಣುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗ್‌ನಲ್ಲಿ ಆಟಿಕೆ ರೈಲುಗಳದೇ ಮ್ಯೂಸಿಯಂ ಇದೆ. ಅಲ್ಲಿ ಕೂಡ ಕಪಾಟುಗಳ ಜೊತೆಗೆ ಓಡುವ ರೈಲುಗಳಿವೆ.

ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ತಗಡು, ಬಣ್ಣ, ಸ್ಪ್ರಿಂಗ್ ಇವನ್ನು ಪೆಟ್ಟಿಗೆ ಸ್ವಲ್ಪ ಕಾಲ ಕಾಯಬಲ್ಲದು. ಎಷ್ಟು ಸುತ್ತು ಕೀ ಕೊಡಬೇಕು, ಎಲ್ಲಿ ಒಂದು ಹನಿ ಎಣ್ಣೆ ಬಿಡಬೇಕು, ಹಳಿಯ ಸಡಿಲವಾದ ಪಿನ್ನನ್ನು ಇಕ್ಕಳದಿಂದ ಹೇಗೆ ಒತ್ತಬೇಕು ಎಂಬ ಅರಿವನ್ನು ಯಾವ ಪೆಟ್ಟಿಗೆಯೂ ಕಾಯುವುದಿಲ್ಲ. ಅದು ಕೈಯಿಂದ ಕೈಗೆ ಹೋಗುವಂಥದ್ದು. ಒಂದು ತಲೆಮಾರು ಓಡಿಸುವುದನ್ನು ಬಿಟ್ಟರೆ ಮುಂದಿನವರಿಗೆ ಸಿಗುವುದು ಅರ್ಧ ಆಸ್ತಿ ಮಾತ್ರ.

ಹಾಗಾದರೆ ಮಗು? ಆಟಿಕೆಯ ನಿಜವಾದ ಹಕ್ಕುದಾರ ಮಗುವಲ್ಲವೇ? ಇಲ್ಲಿ ಓಡಿಸುವವರೂ ಪರೀಕ್ಷೆಗೆ ಒಳಗಾಗುತ್ತಾರೆ. ಎಷ್ಟೋ ಮನೆಗಳಲ್ಲಿ ಅಜ್ಜ ನೆಲದ ಮೇಲೆ, ಮೊಮ್ಮಗು ಸೋಫಾದ ಮೇಲೆ, ನಡುವೆ 'ಮುಟ್ಟಬೇಡ' ಎಂಬ ಗಾಜು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಬಾಯಿಗೆ ಹಾಕುವ ವಯಸ್ಸಿನ ಕೂಸನ್ನು ದೂರವಿಡಲೇಬೇಕು. ಎಂಟು ಹತ್ತು ವರ್ಷದವರಿಗೆ ಆ ನೆಪ ನಡೆಯುವುದಿಲ್ಲ. ಅವರು ಒಮ್ಮೆ ಹಳಿ ತಪ್ಪಿಸುತ್ತಾರೆ, ಒಂದು ಕೊಕ್ಕೆ ಬಾಗಿಸುತ್ತಾರೆ. ಅಷ್ಟು ನಷ್ಟವನ್ನು ಸಹಿಸುವ ಮನಸ್ಸಿಲ್ಲದವನು ಓಡಿಸಿದರೂ ಒಂದೇ, ಕೂಡಿಟ್ಟರೂ ಒಂದೇ.

ತಾತ್ಕಾಲಿಕ ಹಳಿಗೆ ಇಲ್ಲೊಂದು ಗುಣವಿದೆ. ಒಂದು ಕೋಣೆಯನ್ನೇ ಆಕ್ರಮಿಸಿ, ಮರಹಲಗೆಯ ಮೇಲೆ ಗುಡ್ಡಬೆಟ್ಟ ಕಟ್ಟಿ ಶಾಶ್ವತವಾಗಿ ಹೂಡುವ ರೈಲಿನ ಮುಂದೆ ಮನೆಯವರು ಪ್ರೇಕ್ಷಕರು. ನೆಲದ ರೈಲಿಗೆ ಆ ದರ್ಪವಿಲ್ಲ. ಅದು ಎಲ್ಲರೂ ಓಡಾಡುವ ಜಾಗವನ್ನು ಕೆಲವು ಗಂಟೆ ಎರವಲು ಪಡೆಯುತ್ತದೆ. ದಾಟುವವರು ಕಾಲೆತ್ತಿ ದಾಟಬೇಕು, ಓಡಿಸುವವನು ಅವರಿಗಾಗಿ ರೈಲು ನಿಲ್ಲಿಸಬೇಕು. ಊಟದ ಹೊತ್ತಿಗೆ ಜಾಗ ಬಿಡಬೇಕು. ಮನೆಯೊಡತಿಯ ಒಪ್ಪಿಗೆಯಿಲ್ಲದೆ ಒಂದು ತುಂಡು ಹಳಿಯೂ ಬೀಳದು. ಅಂಗಳದ ರಂಗೋಲಿಯನ್ನು ಸಂಜೆಯವರೆಗೆ ಉಳಿಯಲೆಂದು ಯಾರೂ ಹಾಕುವುದಿಲ್ಲವಲ್ಲ, ಇದೂ ಹಾಗೆ.

ಲಿವರ್‌ಪೂಲ್‌ನ ಬಿನ್ಸ್ ರೋಡಿನಲ್ಲಿದ್ದ ಹಾರ್ನ್‌ಬಿಯ ಕಾರ್ಖಾನೆಯನ್ನು 1979ರ ನವೆಂಬರಿನಲ್ಲಿ ಮುಚ್ಚಲಾಯಿತು. ಕಾರ್ಮಿಕರು ಪ್ರತಿಭಟಿಸಿ ಕೆಲಕಾಲ ಕಾರ್ಖಾನೆಯೊಳಗೇ ಉಳಿದರು, ಫಲ ಸಿಗಲಿಲ್ಲ. ಅಲ್ಲಿ ದುಡಿದವರಲ್ಲಿ ಹೆಂಗಸರು ಬಹಳ. ತಗಡಿನ ಕಿವಿಗಳನ್ನು ಮಡಚಿದ, ಬಣ್ಣ ಬಳಿದ, ಸ್ಪ್ರಿಂಗ್ ಕೂರಿಸಿದ ಆ ಕೈಗಳ ಹೆಸರು ಯಾವ ಕ್ಯಾಟಲಾಗಿನಲ್ಲೂ ಇಲ್ಲ. ಅವರು ಮಾಡಿದ್ದು ಓಡಬೇಕಾದ ವಸ್ತುವನ್ನು. ಅದು ಇವತ್ತು ಇಂಗ್ಲೆಂಡಿನ ಯಾವುದೋ ಮನೆಯ ಮಂಚದಡಿಯಿಂದ ಗರಗರ ಎನ್ನುತ್ತಾ ಹೊರಬರುತ್ತಿದ್ದರೆ, ಆ ದುಡಿಮೆಯ ಸ್ವಲ್ಪ ಭಾಗವಾದರೂ ಇನ್ನೂ ಚಾಲ್ತಿಯಲ್ಲಿದೆ ಎನ್ನಬೇಕು.

ಎತ್ತಿಡುವುದಕ್ಕೂ ಒಂದು ಕ್ರಮವಿದೆ. ಮೊದಲು ವ್ಯಾಗನ್‌ಗಳು, ಆಮೇಲೆ ಹಳಿಗಳು. ಹಳಿಯನ್ನು ಎಳೆದು ತಿರುಚದೆ, ನೇರ ಹಿಡಿದು ಕಳಚಬೇಕು. ತುಸು ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ಕೊನೆಗೆ ಇಂಜಿನ್. ಬಿಗಿದ ಸ್ಪ್ರಿಂಗಿನೊಂದಿಗೆ ಅದನ್ನು ಪೆಟ್ಟಿಗೆಗೆ ಹಾಕಬಾರದು. ಕೈಯಲ್ಲಿ ಎತ್ತಿ ಹಿಡಿದು, ಗಾಲಿ ಗಾಳಿಯಲ್ಲಿ ತಿರುಗಿ ತಿರುಗಿ ತಾನಾಗಿ ನಿಲ್ಲುವವರೆಗೆ ಕಾಯಬೇಕು.