ಹಳೆಯ ಮಸೂರ ಮತ್ತು ಕೊಳ್ಳುವವನ ಮೌನ

ವ್ಯಾಪಾರದಲ್ಲಿ ಮೋಸದ ಮಾತು ಬಂದರೆ ನಮ್ಮ ಕಣ್ಣು ಮೊದಲು ಹೋಗುವುದು ಮಾರುವವನ ಕಡೆಗೆ. ತಕ್ಕಡಿ ಅವನ ಕೈಯಲ್ಲಿರುತ್ತದೆ, ಸರಕಿನ ಗುಟ್ಟು ಅವನಿಗೆ ಗೊತ್ತಿರುತ್ತದೆ. ಆದರೆ ಸರಕಿನ ಬೆಲೆ ಮಾರುವವನಿಗಿಂತ ಕೊಳ್ಳುವವನಿಗೇ ಚೆನ್ನಾಗಿ ಗೊತ್ತಿದ್ದರೆ? ಹಳೆಯ ಕ್ಯಾಮೆರಾಗಳ ಮಸೂರಗಳನ್ನು ಕಡಿಮೆ ಬೆಲೆಗೆ ಹುಡುಕುವವರು ಎದುರಿಸಲೇಬೇಕಾದ ಪ್ರಶ್ನೆ ಇದು.

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಮಸೂರದ ಮೂಲಕ ನೋಡುವುದಿಲ್ಲ, ಅದರ ಮೇಲಿರುವ ಪುಟ್ಟ ಕಿಟಕಿಯಿಂದ ನೋಡುತ್ತೇವೆ. ಅಲ್ಲಿ ಕಾಣುವ ಎರಡು ಬಿಂಬಗಳು ಒಂದಾದಾಗ ಫೋಕಸ್ ಸರಿಯಾಯಿತೆಂದು ಅರ್ಥ. ಜರ್ಮನಿಯ ಲೈಟ್ಸ್ ಸಂಸ್ಥೆಯ ಲೈಕಾ ಈ ಬಗೆಯಲ್ಲಿ ಹೆಸರುವಾಸಿ. 1948ರ ಜನವರಿಯಲ್ಲಿ ಗಾಂಧೀಜಿಯ ಕೊನೆಯ ದಿನಗಳನ್ನೂ ಅಂತಿಮಯಾತ್ರೆಯನ್ನೂ ಚಿತ್ರಿಸಿದ ಆಂರಿ ಕಾರ್ತಿಯೆ ಬ್ರೆಸ್ಸನ್ ಲೈಕಾವನ್ನು ನೆಚ್ಚಿಕೊಂಡಿದ್ದವರು. ಇಂಥ ಕೀರ್ತಿಯ ಬೆಲೆಯೂ ಗಾಜಿನ ಬೆಲೆಯೊಂದಿಗೆ ಸೇರಿಕೊಂಡಿದೆ.

ಲೈಕಾದ ನೆರಳಿನಲ್ಲೇ ಬಡವರ ಮಸೂರಗಳೂ ಹುಟ್ಟಿಕೊಂಡವು. ಶಿಕ್ಷಣತಜ್ಞ ಮಕರೆಂಕೊ ಖಾರ್ಕಿವ್‌ನಲ್ಲಿ ನಡೆಸುತ್ತಿದ್ದ ಬೀದಿಮಕ್ಕಳ ಕಮ್ಯೂನ್ 1934ರಲ್ಲಿ ಲೈಕಾದ ಮಾದರಿಯಲ್ಲಿ ‘ಫೆಡ್’ ಕ್ಯಾಮೆರಾ ತಯಾರಿಸತೊಡಗಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟ ಜರ್ಮನಿಯ ಝೈಸ್ ಸಂಸ್ಥೆಯ ಯಂತ್ರಗಳನ್ನು ಯುದ್ಧಪರಿಹಾರವೆಂದು ಒಯ್ದಿತು. ಝೈಸ್‌ನ ಸೊನ್ನಾರ್ ಮಸೂರ ಅಲ್ಲಿ ‘ಜುಪಿಟರ್-8’ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆಯಿತು. ಇಂದಿಗೂ ಕೆಲವೇ ಸಾವಿರ ರೂಪಾಯಿಗೆ ಸಿಗುವ ಮಸೂರ ಅದು. ಅದೇ ಅಳತೆಯ ಲೈಟ್ಸ್ ಮಸೂರಕ್ಕೆ ಇದರ ಹಲವು ಪಟ್ಟು ತೆರಬೇಕು.

ಡಿಜಿಟಲ್ ಯುಗ ಬಂದಾಗ ಇವೆಲ್ಲ ಗುಜರಿಯ ಪಾಲಾದವು ಎಂದೇ ಜನ ಎಣಿಸಿದ್ದರು. ಆದದ್ದು ಬೇರೆ. 2004ರಲ್ಲಿ ಎಪ್ಸನ್ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಹೊರತಂದಿತು. ಆಮೇಲೆ ಬಂದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಸಣ್ಣದೊಂದು ಅಡಾಪ್ಟರ್ ಜೋಡಿಸಿದರೆ ಅರವತ್ತು ವರ್ಷದ ಮಸೂರವೂ ಕೆಲಸ ಮಾಡುತ್ತದೆ. ಮೂಲೆಗೆ ಬಿದ್ದಿದ್ದ ಗಾಜಿಗೆ ಬೇಡಿಕೆ ಬಂತು. ಆದರೆ ಆ ಸುದ್ದಿ ಎಲ್ಲ ಮನೆಗಳಿಗೂ ತಲುಪಲಿಲ್ಲ.

ಒಂದು ಸಂದರ್ಭ ಊಹಿಸಿಕೊಳ್ಳಿ. ಸ್ಟುಡಿಯೋ ನಡೆಸುತ್ತಿದ್ದ ಗಂಡ ತೀರಿಕೊಂಡಿದ್ದಾನೆ. ಅಲಮಾರು ಖಾಲಿ ಮಾಡುತ್ತಿರುವ ಹೆಂಡತಿ ಹಳೆಯ ಕ್ಯಾಮೆರಾವೊಂದನ್ನು ತಂದಿಟ್ಟು, “ಐನೂರು ಕೊಟ್ಟು ತೆಗೆದುಕೊಂಡು ಹೋಗಪ್ಪಾ” ಎನ್ನುತ್ತಾಳೆ. ಅದರಲ್ಲಿರುವುದು ಲೈಟ್ಸ್ ಮಸೂರವೆಂದು ನಿಮಗೆ ಮಾತ್ರ ಗೊತ್ತು. ನೀವು ಸುಳ್ಳು ಹೇಳುತ್ತಿಲ್ಲ, ಸುಮ್ಮನಿದ್ದೀರಿ ಅಷ್ಟೆ. ಬೆಲೆ ಹೇಳಿದವಳು ಅವಳೇ, ಒಪ್ಪಿಗೆಯೂ ಅವಳದೇ. ವರ್ಷಗಟ್ಟಲೆ ಶ್ರಮಪಟ್ಟು ಗಳಿಸಿದ ತಿಳಿವಳಿಕೆಗೆ ಲಾಭ ಸಿಗಬಾರದೇ?

ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಹಳೆಯ ವಸ್ತುಗಳನ್ನೇ ಮಾರಿ ಬದುಕುವವನ ಮುಂದೆ ನಾವು ಬಾಯಿ ಬಿಡಬೇಕಿಲ್ಲ. ಬೆಲೆ ತಿಳಿಯುವುದು ಅವನ ಕಸುಬು, ಅಲ್ಲಿನ ಚೌಕಾಸಿ ಸಮಬಲರ ನಡುವಿನದು. ಆದರೆ ಪ್ರವಾದಿ ಮುಹಮ್ಮದ್(ಸ)ರು ಸಂತೆಗೆ ಬರುತ್ತಿರುವ ವರ್ತಕರನ್ನು ದಾರಿಯಲ್ಲೇ ತಡೆದು ಸರಕು ಕೊಳ್ಳುವುದನ್ನು ನಿಷೇಧಿಸಿದರು. ಹಾಗೆ ಮಾರಿದವನು ಸಂತೆ ತಲುಪಿ ದರ ತಿಳಿದುಕೊಂಡರೆ, ವ್ಯಾಪಾರ ಮುರಿಯುವ ಹಕ್ಕನ್ನೂ ಅವನಿಗೆ ಕೊಟ್ಟರು. ಇಲ್ಲಿ ಕಟ್ಟುಪಾಡು ಬಿದ್ದಿರುವುದು ಕೊಳ್ಳುವವನ ಮೇಲೆ ಎಂಬುದನ್ನು ಗಮನಿಸಬೇಕು. ಆ ವಿಧವೆ ಇನ್ನೂ ಸಂತೆ ತಲುಪದವಳು. ಅವಳ ಒಪ್ಪಿಗೆ ತಿಳಿದು ಕೊಟ್ಟದ್ದಲ್ಲ.

ಸಹಾಬಿ ಜರೀರ್ ಬಿನ್ ಅಬ್ದುಲ್ಲಾ(ರ)ರ ಸೇವಕ 300 ದಿರ್ಹಮ್‌ಗೆ ಒಂದು ಕುದುರೆ ಕೊಂಡು ತಂದನಂತೆ. ಕುದುರೆಯ ಯೋಗ್ಯತೆ ಅದಕ್ಕೂ ಹೆಚ್ಚೆಂದು ಕಂಡ ಜರೀರ್(ರ) ಮಾಲೀಕನ ಮುಂದೆ ತಾವೇ ಬೆಲೆ ಏರಿಸುತ್ತಾ ಹೋಗಿ 800 ದಿರ್ಹಮ್ ಕೊಟ್ಟರೆಂದು ವರದಿಯಿದೆ. ಎಲ್ಲ ಮುಸ್ಲಿಮರ ಹಿತ ಬಯಸುವುದಾಗಿ ಅವರು ಪ್ರವಾದಿ(ಸ)ಯವರಿಗೆ ಮಾತು ಕೊಟ್ಟಿದ್ದರು.

ನಾವೆಲ್ಲ ಜರೀರ್(ರ)ರ ಎತ್ತರಕ್ಕೆ ಏರಲಾರೆವು, ಸರಿ. ಇಲ್ಲಿ ಮಾರುಕಟ್ಟೆಯ ಪೂರ್ತಿ ಬೆಲೆಯನ್ನೇ ಕೊಡಬೇಕೆಂದೂ ಇಲ್ಲ. ಒಳಗೆ ಬೂಷ್ಟು ಹಿಡಿದಿರಬಹುದು, ಫೋಕಸ್ ಸುತ್ತು ಬಿಗಿದುಕೊಂಡಿರಬಹುದು. ರಿಪೇರಿಯ ಖರ್ಚು, ನಷ್ಟದ ಭಯ ಎಲ್ಲವನ್ನೂ ಕಳೆದು ಕೇಳಬಹುದು. ಆದರೆ ವಸ್ತು ಏನೆಂದು ಮೊದಲು ಹೇಳಿ, ಆಮೇಲೆ ಕೇಳಬೇಕು. ನಮ್ಮ ತಿಳಿವಳಿಕೆಗೆ ಕೂಲಿ ಸಲ್ಲುತ್ತದೆ, ಅವಳ ಅಜ್ಞಾನಕ್ಕೆ ದಂಡ ಸಲ್ಲುವುದಿಲ್ಲ.

ಹಾಗಾದರೆ ಕಡಿಮೆ ಆದಾಯದವನು ಒಳ್ಳೆಯ ಮಸೂರದ ಆಸೆ ಬಿಡಬೇಕೇ? ಬೇಡ, ಹೆಸರಿನ ಆಸೆ ಬಿಟ್ಟರೆ ಸಾಕು. ಜುಪಿಟರ್-8, ಇಂಡಸ್ಟಾರ್-61, ಕೆನಾನ್‌ನ ಹಳೆಯ 50 ಮಿ.ಮೀ. ಮಸೂರಗಳಂಥವು 39 ಮಿ.ಮೀ. ತಿರುಪಿನಲ್ಲಿ ಸಿಗುತ್ತವೆ, ಹಳೆಯ ಲೈಕಾಗೂ ಕೂರುತ್ತವೆ. ಸೋವಿಯತ್ ಮಸೂರವಾದರೆ ಲೈಕಾದ ಮೇಲೆ ಹತ್ತಿರದ ಫೋಕಸ್ ತುಸು ತಪ್ಪಬಹುದು, ಪರೀಕ್ಷಿಸಿ ಕೊಳ್ಳಬೇಕು. ಟಾರ್ಚ್ ಹಾಕಿ ಒಳಗೆ ನೋಡಬೇಕು. ಹೊರಗಿನ ಬಣ್ಣ ಹೋಗಿದ್ದರೆ, ಮುಂದಿನ ಗಾಜಿನಲ್ಲಿ ಒಂದೆರಡು ಸಣ್ಣ ಗೀರುಗಳಿದ್ದರೆ ಬೆಲೆ ಇಳಿಯುತ್ತದೆ, ಚಿತ್ರ ಹೆಚ್ಚೇನೂ ಕೆಡುವುದಿಲ್ಲ. ಅಗ್ಗಕ್ಕೆ ಇಂಥ ನೇರ ದಾರಿಗಳು ಬೇಕಾದಷ್ಟಿವೆ.

ಕೊಂಡ ವಸ್ತುವಿನಲ್ಲಿ ಬರ್ಕತ್ ಇರಲಿ ಎಂದು ಹಾರೈಸುವವರು ನಾವು. ಅದಕ್ಕೊಂದು ಸಣ್ಣ ಪರೀಕ್ಷೆಯಿದೆ. ನಾಳೆ ಆ ಹೆಣ್ಣುಮಗಳಿಗೆ ನಿಜವಾದ ಬೆಲೆ ತಿಳಿದ ಮೇಲೂ ಅವಳ ಮನೆಬಾಗಿಲಲ್ಲಿ ನಿಂತು ಸಲಾಮ್ ಹೇಳಲು ನಮಗೆ ಮುಖವಿರಬೇಕು.