ಮನಶ್ಶಾಸ್ತ್ರದ ಪದವಿಗೆ ಎರಡು ಮಜಲಿನ ದಾರಿ

ಸಾಂತಾ ಕ್ಲಾರಾ ಕಣಿವೆಯಲ್ಲಿ ನೆಲಸಿರುವ ಕನ್ನಡ ಕುಟುಂಬಗಳಲ್ಲಿ, ಮಗನಾಗಲಿ ಮಗಳಾಗಲಿ ಹೈಸ್ಕೂಲಿನ ಕಡೆಯ ವರ್ಷಕ್ಕೆ ಕಾಲಿರಿಸಿದೊಡನೆ ಮನೆಯ ಮಾತುಕತೆಯೆಲ್ಲವೂ ವಿಶ್ವವಿದ್ಯಾನಿಲಯಗಳ ಹೆಸರುಗಳ ಸುತ್ತಲೇ ಸುಳಿಯತೊಡಗುವುದನ್ನು ಈ ಸಂಚಿಕೆಯ ಓದುಗರಲ್ಲಿ ಬಹುಮಂದಿ ಸ್ವಾನುಭವದಿಂದಲೇ ಬಲ್ಲರು. ಅಂಥ ಸಮಯದಲ್ಲಿ, "ಮೊದಲೆರಡು ವರ್ಷ ಕಮ್ಯೂನಿಟಿ ಕಾಲೇಜಿನಲ್ಲಿ ಓದುತ್ತೇನಪ್ಪ, ಆಮೇಲೆ ಟ್ರಾನ್ಸ್‌ಫರ್ ಆಗಿ ಸೈಕಾಲಜಿಯಲ್ಲಿ ಡಿಗ್ರಿ ಮಾಡುತ್ತೇನೆ" ಎಂದು ಮಗಳೊಬ್ಬಳು ಹೇಳಿದಳೆಂದರೆ, ಕಾಲೇಜು ಕೆಳಗಿನದಾಯಿತೇ, ವಿಷಯವೂ ಅನ್ನ ಹುಟ್ಟದ ವಿಷಯವಾಯಿತೇ ಎಂಬ ಎರಡು ಸಂದೇಹಗಳು ತಂದೆತಾಯಿಗಳ ಮನಸ್ಸಿನಲ್ಲಿ ಒಮ್ಮೆಲೇ ತಲೆಯೆತ್ತುತ್ತವೆ. ಇವೆರಡಕ್ಕೂ ಆಧಾರವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ದಾರಿಯಲ್ಲಿ ನಿಜವಾದ ತೊಡಕು ಬೇರೆಯೇ ಇದೆ, ಮತ್ತು ಹಿರಿಯರ ಚಿಂತೆ ಅದರತ್ತ ಹರಿಯುವುದು ಬಹು ವಿರಳ. ಯಾವ ವಿಷಯವನ್ನು ಯಾವುದಾದ ಮೇಲೆ, ಯಾವ ಅವಧಿಯಲ್ಲಿ ಓದಬೇಕೆಂಬ ಅನುಕ್ರಮವನ್ನು ಮೊದಲ ತಿಂಗಳುಗಳಲ್ಲಿಯೇ ನಿಶ್ಚಯಿಸಿಕೊಳ್ಳದೆ ಹೋದರೆ, ಎಷ್ಟೇ ಮೇಧಾವಿಯಾದ ವಿದ್ಯಾರ್ಥಿಗೂ ಎರಡು ವರ್ಷದ ಹಾದಿ ಮೂರು ವರ್ಷಕ್ಕೆ ಬೆಳೆಯುತ್ತದೆ.

ಮೊದಲು ಕಾಲೇಜಿನ ಮಾತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕರ್ ಅವರ ಪ್ರೇರಣೆಯಿಂದ 1960ರಲ್ಲಿ ಈ ರಾಜ್ಯವು ಉನ್ನತ ಶಿಕ್ಷಣಕ್ಕೆಂದು ರೂಪಿಸಿಕೊಂಡ ಮಹಾಯೋಜನೆಯು, ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಪಾಲಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವನ್ನೂ, ಮೇಲಿನ ಮೂರನೆಯ ಒಂದು ಪಾಲಿಗೆ ಇಂದು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯೆಂದು ಕರೆಯಲ್ಪಡುವ ಕಾಲೇಜುಗಳನ್ನೂ, ಕಲಿಯುವ ಶಕ್ತಿಯುಳ್ಳ ಎಲ್ಲರಿಗೂ ಇಂದು ಕಮ್ಯೂನಿಟಿ ಕಾಲೇಜುಗಳೆನಿಸಿರುವ ಜೂನಿಯರ್ ಕಾಲೇಜುಗಳನ್ನೂ ತೆರೆದಿಟ್ಟಿತು. ಅಷ್ಟಕ್ಕೇ ನಿಂತಿದ್ದರೆ ಅದು ಮೂರು ಅಂತಸ್ತುಗಳ ವಿಂಗಡಣೆಯಾಗಿ ಮಾತ್ರ ಉಳಿಯುತ್ತಿತ್ತು. ಆದರೆ ಮೇಲಿನ ಎರಡು ವ್ಯವಸ್ಥೆಗಳಲ್ಲಿಯೂ ಮೂರನೆಯ ಮತ್ತು ನಾಲ್ಕನೆಯ ವರ್ಷದ ವಿದ್ಯಾರ್ಥಿಗಳು ಶೇಕಡಾ 60ರಷ್ಟಾದರೂ ಇರಬೇಕೆಂದು ಯೋಜನೆಯ ಕರ್ತೃಗಳು ವಿಧಿಸಿದುದರಿಂದ, ಜೂನಿಯರ್ ಕಾಲೇಜಿನಿಂದ ಬರುವವರಿಗೆಂದೇ ಅಲ್ಲಿ ಸ್ಥಳ ಉಳಿಯುವಂತಾಯಿತು. ಕೂಪರ್ಟಿನೋದಲ್ಲಿ 1967ರಲ್ಲಿ ಬಾಗಿಲು ತೆರೆದ ಡಿ ಆಂಝಾ ಕಾಲೇಜು, ಫ್ರೀಮಾಂಟಿನ ಓಲೋನಿ, ಸಾಂತಾ ಕ್ಲಾರಾದ ಮಿಷನ್ ಮೊದಲಾದುವೆಲ್ಲ ಈ ವ್ಯವಸ್ಥೆಯ ಅಂಗಗಳೇ. ನಮ್ಮ ಮಕ್ಕಳು ಅಲ್ಲಿ ಓದುವಾಗ ರಾಜ್ಯವು ಸಂಕಲ್ಪಪೂರ್ವಕವಾಗಿ ಕಟ್ಟಿದ ರಾಜಮಾರ್ಗದಲ್ಲಿಯೇ ನಡೆಯುತ್ತಿರುತ್ತಾರೆ. ರಾಜ್ಯದ ನಿವಾಸಿಗಳಿಗೆ ಒಂದು ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರಿನಂತೆ, 2012ರಿಂದ ಏರದೆ ನಿಂತಿರುವ ಅಲ್ಲಿನ ಶುಲ್ಕ ಮನೆಯ ಆಯವ್ಯಯಕ್ಕೆ ಎಷ್ಟು ಹಗುರವೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಮಾರ್ಗವಿದ್ದರೂ ಮೈಲುಗಲ್ಲುಗಳು ಬಹುಕಾಲ ಗೊಂದಲದಲ್ಲಿದ್ದುವು. ಒಂದೊಂದು ವಿಶ್ವವಿದ್ಯಾನಿಲಯ ಒಂದೊಂದು ತೆರನಾಗಿ ಪಾಠಗಳನ್ನು ಅಪೇಕ್ಷಿಸುತ್ತಿದ್ದುದರಿಂದ, ಎರಡು ವರ್ಷ ದುಡಿದ ವಿದ್ಯಾರ್ಥಿಗಳ ಅನೇಕ ಯೂನಿಟ್ಟುಗಳು ಆಚೆಯ ದಡದಲ್ಲಿ ಲೆಕ್ಕಕ್ಕೆ ಬಾರದೆ ಹೋಗುತ್ತಿದ್ದುವು. ಇದನ್ನು ಸರಿಪಡಿಸಲೆಂದು 2010ರಲ್ಲಿ ಬಂದ ಶಾಸನವು, ಸೆನೆಟ್ ಮಸೂದೆ 1440 ಎಂಬ ಹೆಸರಿನಿಂದ ಪ್ರಸಿದ್ಧವಾದುದು, ಟ್ರಾನ್ಸ್‌ಫರಿಗೆಂದೇ ಮೀಸಲಾದ ಅಸೋಸಿಯೇಟ್ ಪದವಿಯನ್ನು ನಿರ್ಮಿಸಿತು. ಮನಶ್ಶಾಸ್ತ್ರದಲ್ಲಿ ಈ ಪದವಿಯನ್ನು ಪಡೆಯುವುದಕ್ಕೆ ಸೆಮಿಸ್ಟರ್ ಲೆಕ್ಕದಲ್ಲಿ 60 ಯೂನಿಟ್ಟುಗಳು ಬೇಕು. ಅವುಗಳಲ್ಲಿ 18ಕ್ಕೆ ಕಡಮೆಯಿಲ್ಲದಷ್ಟು ಪ್ರಧಾನ ವಿಷಯಕ್ಕೆ ಸಲ್ಲಬೇಕು. ಇಷ್ಟನ್ನು ಪೂರೈಸಿದವರಿಗೆ ಸ್ಟೇಟ್ ಯೂನಿವರ್ಸಿಟಿಯ ವ್ಯವಸ್ಥೆಯೊಳಗೆ ಎಲ್ಲಿಯಾದರೂ ಒಂದು ಕಡೆ ಮೂರನೆಯ ವರ್ಷದ ಸ್ಥಾನ ದೊರೆಯುವುದೆಂದೂ, ಸದೃಶವಾದ ವಿಷಯದಲ್ಲಿ ಇನ್ನು 60 ಯೂನಿಟ್ಟುಗಳಲ್ಲಿ ಬಿ.ಎ. ಮುಗಿಸಬಹುದೆಂದೂ ಶಾಸನದ ಅಭಯವಿದೆ. ಎಲ್ಲಿಯಾದರೂ ಎಂಬುದನ್ನು ಒತ್ತಿ ಓದಬೇಕು. ಮನೆಗೆ ಹತ್ತಿರವಾದ ಸ್ಯಾನ್ ಹೋಸೆ ಸ್ಟೇಟಿನಲ್ಲಿಯೇ ಸ್ಥಾನ ಸಿಗುವುದೆಂಬ ಅಭಯ ಇದರಲ್ಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಕ್ರಮ ಇನ್ನೊಂದು ಬಗೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಝ್ ಎಂಬ ಆರು ಕ್ಯಾಂಪಸ್ಸುಗಳು ನಿಯಮಗಳನ್ನು ಪೂರೈಸಿದವರಿಗೆ ಮುಂಗಡವಾಗಿಯೇ ಪ್ರವೇಶದ ಖಾತರಿಯನ್ನು ಕೊಡುತ್ತವೆ. ಆದರೆ ಆರರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬಹುದು, ಎಲ್ಲ ಮೇಜರುಗಳಿಗೂ ಖಾತರಿಯಿರುವುದಿಲ್ಲ, ಮತ್ತು ಅರ್ಜಿಯನ್ನು ಸೆಪ್ಟೆಂಬರ್ ತಿಂಗಳಲ್ಲಿಯೇ ಸಲ್ಲಿಸತಕ್ಕದ್ದು. ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋಗಳು ಈ ಏರ್ಪಾಟಿನ ಹೊರಗಿವೆ.

ಇನ್ನು ಅನುಕ್ರಮದ ವಿಚಾರ. ಮನಶ್ಶಾಸ್ತ್ರವೆಂದರೆ ಮನಸ್ಸಿನ ಕುರಿತಾದ ಸವಿಯಾದ ಸಂಭಾಷಣೆಯೆಂದು ಭಾವಿಸಿ ಬರುವ ಎಳೆಯರು ಬಹಳ. 1879ರಲ್ಲಿ ವಿಲ್ಹೆಲ್ಮ್ ವುಂಟ್ ಲೈಪ್‌ಝಿಗ್ ನಗರದಲ್ಲಿ ಪ್ರಯೋಗಶಾಲೆಯನ್ನು ಸ್ಥಾಪಿಸಿದಂದಿನಿಂದ ಈ ಶಾಸ್ತ್ರವು ಅಳೆಯುವ ಶಾಸ್ತ್ರವಾಗಿ ಬೆಳೆದಿದೆ. ಆದುದರಿಂದಲೇ ಪದವಿಯ ತಿರುಳಾಗಿ ನಿಂತಿರುವ ಮೂರು ಪಾಠಗಳು ಮನಶ್ಶಾಸ್ತ್ರ ಪ್ರವೇಶ, ಸಂಖ್ಯಾಶಾಸ್ತ್ರ, ಮತ್ತು ಸಂಶೋಧನಾ ವಿಧಾನಗಳು. ಇವುಗಳಲ್ಲಿ ಮೂರನೆಯದಕ್ಕೆ ಮೊದಲೆರಡೂ ಮುಗಿದಿರಬೇಕೆಂಬುದು ಸಾಮಾನ್ಯವಾದ ನಿಯಮ. ಎಲ್ಲ ತೊಡಕಿನ ಮೂಲ ಇಲ್ಲಿದೆ. ಗಣಿತವೆಂದರೆ ಅಂಜುವ ವಿದ್ಯಾರ್ಥಿ ಮೊದಲ ವರ್ಷದಲ್ಲಿ ಮನಶ್ಶಾಸ್ತ್ರ ಪ್ರವೇಶವನ್ನು ಉತ್ಸಾಹದಿಂದ ಓದುತ್ತಾನೆ, ಸಾಮಾಜಿಕ ಮನಶ್ಶಾಸ್ತ್ರವನ್ನೂ ಬಾಲ್ಯದಿಂದ ವೃದ್ಧಾಪ್ಯದವರೆಗಿನ ಬೆಳವಣಿಗೆಯ ಶಾಸ್ತ್ರವನ್ನೂ ಪ್ರೀತಿಯಿಂದ ಓದುತ್ತಾನೆ, ಸಂಖ್ಯಾಶಾಸ್ತ್ರವನ್ನು ಮಾತ್ರ ಮುಂದಿನ ಸೆಮಿಸ್ಟರಿಗೆ, ಅಲ್ಲಿಂದ ಅದರ ಮುಂದಿನದಕ್ಕೆ ತಳ್ಳುತ್ತ ಹೋಗುತ್ತಾನೆ. ಎರಡನೆಯ ವರ್ಷದ ವಸಂತದಲ್ಲಿ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಕುಳಿತಿರುವಾಗ ಸಂಶೋಧನಾ ವಿಧಾನಗಳಿಗೆ ಹೊರಡುವ ಮೊದಲು ಅವಕಾಶವೇ ಉಳಿದಿರುವುದಿಲ್ಲ. ಆ ಪಾಠಕ್ಕೆ ತರಗತಿಗಳು ಕಡಮೆಯಿರುವ ಕಾಲೇಜಿನಲ್ಲಂತೂ ಸ್ಥಳ ತುಂಬಿಹೋಗಿ ಇನ್ನಷ್ಟು ಕಾಯಬೇಕಾಗುತ್ತದೆ.

ಆದುದರಿಂದ ಮೊದಲ ಶರತ್ಕಾಲದಲ್ಲಿಯೇ ಮನಶ್ಶಾಸ್ತ್ರ ಪ್ರವೇಶವನ್ನೂ ಇಂಗ್ಲಿಷನ್ನೂ, ಅದೇ ಅವಧಿಯಲ್ಲಿ ಇಲ್ಲವೆ ತಪ್ಪಿದರೆ ಅದರ ಮುಂದಿನ ಅವಧಿಯಲ್ಲಿ ಸಂಖ್ಯಾಶಾಸ್ತ್ರವನ್ನೂ ಇಟ್ಟುಕೊಂಡು, ಮೂರನೆಯ ಸೆಮಿಸ್ಟರಿನಲ್ಲಿ ಸಂಶೋಧನಾ ವಿಧಾನಗಳನ್ನು ಕೈಗೆತ್ತಿಕೊಳ್ಳುವುದು ಯುಕ್ತವಾದ ಕ್ರಮವೆಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಎರಡನೆಯ ವರ್ಷದ ಅಕ್ಟೋಬರ್ ನವೆಂಬರುಗಳಲ್ಲಿ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕುವಾಗ, ಪೂರ್ಣವಾಗಿ ಕೈಯಲ್ಲಿರುವುದು ಮೊದಲ ವರ್ಷದ ಅಂಕಗಳು ಮಾತ್ರ. ಮುಂದೆ ಓದಲಿರುವುದು ಅಲ್ಲಿ ಪ್ರತಿಜ್ಞೆಯ ರೂಪದಲ್ಲಿರುತ್ತದೆ. ಎರಡು ವರ್ಷವಿದೆಯೆಂದು ನಾವು ಎಣಿಸಿಕೊಂಡರೂ, ಪರೀಕ್ಷಕರ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಮೊದಲನೆಯ ವರ್ಷವೇ. ಇಂಜಿನಿಯರುಗಳು ತುಂಬಿರುವ ನಮ್ಮ ಸಮಾಜದಲ್ಲಿ, ಮಗಳ ಪಕ್ಕದಲ್ಲಿ ಕುಳಿತು ಸಂಭಾವ್ಯತೆಯ ಲೆಕ್ಕವನ್ನು ಬಿಡಿಸಿ ತೋರಿಸಬಲ್ಲ ತಂದೆತಾಯಿಗಳಿಗೆ ಕೊರತೆಯಿಲ್ಲ. ಮನಶ್ಶಾಸ್ತ್ರವನ್ನು ಅನ್ಯ ವಿಷಯವೆಂದು ದೂರವಿಟ್ಟವರಿಗೆ ಅದರೊಳಗೆ ಪ್ರವೇಶ ದೊರೆಯುವ ಬಾಗಿಲೂ ಅದೇ ಆಗಬಹುದು.

ಹೊರಡುವ ಕಾಲೇಜಿನ ಕೈಪಿಡಿಗಿಂತ ಮೊದಲು ತಲಪಬೇಕಾದ ಕ್ಯಾಂಪಸ್ಸಿನ ಅಪೇಕ್ಷೆಗಳನ್ನು ಓದಬೇಕು. ಒಂದು ಕ್ಯಾಂಪಸ್ಸು ಜೀವಶಾಸ್ತ್ರದಿಂದ ತೃಪ್ತಿಪಡುತ್ತದೆ, ಮತ್ತೊಂದು ಅದರೊಡನೆ ರಸಾಯನವನ್ನೋ ಭೌತಶಾಸ್ತ್ರವನ್ನೋ ಕೇಳುತ್ತದೆ, ಬಿ.ಎಸ್. ಪದವಿಯನ್ನು ಕೊಡುವ ಕೆಲವೆಡೆಗಳಲ್ಲಿ ಕಲನಶಾಸ್ತ್ರವೂ ಬೇಕು. ರಾಜ್ಯದ ಯಾವ ಕಮ್ಯೂನಿಟಿ ಕಾಲೇಜಿನ ಯಾವ ಪಾಠ ಯಾವ ಸರಕಾರೀ ವಿಶ್ವವಿದ್ಯಾನಿಲಯದ ಯಾವ ಪಾಠಕ್ಕೆ ಸಮವೆಂಬುದನ್ನು ವರ್ಷವಾರು ದಾಖಲೆಮಾಡಿಟ್ಟಿರುವ ಅಸಿಸ್ಟ್ ಎಂಬ ಜಾಲತಾಣವೊಂದಿದೆ. ಅದರ ಪುಟವನ್ನು ಮುದ್ರಿಸಿ ಕೌನ್ಸೆಲರರ ಮುಂದಿರಿಸಿಕೊಂಡು ಮಾತನಾಡುವುದಕ್ಕೂ, ಬರಿಗೈಯಲ್ಲಿ ಹೋಗಿ ಸಲಹೆ ಕೇಳುವುದಕ್ಕೂ ಬಹಳ ಅಂತರವಿದೆ. ಸ್ಟ್ಯಾನ್‌ಫರ್ಡಿನಂಥ ಖಾಸಗಿ ಸಂಸ್ಥೆಗಳು ಅದರಲ್ಲಿ ಸೇರಿಲ್ಲ. 2025ರ ಶರತ್ಕಾಲದಿಂದ ಮನಶ್ಶಾಸ್ತ್ರ ಪ್ರವೇಶಕ್ಕೂ ಸಂಖ್ಯಾಶಾಸ್ತ್ರಕ್ಕೂ ರಾಜ್ಯದ ಕಮ್ಯೂನಿಟಿ ಕಾಲೇಜುಗಳಲ್ಲಿ ಸಿ1000 ಎಂಬ ಸಮಾನ ಸಂಖ್ಯೆ ಬಂದಿರುವುದು ಸ್ವಾಗತಾರ್ಹವಾದ ಸುಧಾರಣೆ.

ಕ್ವಾರ್ಟರ್ ಸೆಮಿಸ್ಟರುಗಳ ಭೇದವನ್ನೂ ಇಲ್ಲಿ ಹೇಳಬೇಕು. ಡಿ ಆಂಝಾ ಕ್ವಾರ್ಟರ್ ಪದ್ಧತಿಯದು, ಓಲೋನಿ ಮತ್ತು ಮಿಷನ್ ಸೆಮಿಸ್ಟರ್ ಪದ್ಧತಿಯವು. ಕ್ವಾರ್ಟರಿನ 90 ಯೂನಿಟ್ಟು ಸೆಮಿಸ್ಟರಿನ 60ಕ್ಕೆ ಸಮ. ಒಂದು ಪಾಠಮಾಲೆಯನ್ನು ಒಂದು ಕಾಲೇಜಿನಲ್ಲಿ ಆರಂಭಿಸಿ, ಸಮಯದ ಅನುಕೂಲವನ್ನು ನೋಡಿ ನಡುವೆಯೇ ಇನ್ನೊಂದಕ್ಕೆ ಹಾರಿದರೆ, ಎರಡೂ ಕಡೆ ಅರ್ಧರ್ಧವಾಗಿ ನಿಂತು ಯಾವುದಕ್ಕೂ ಸಲ್ಲದ ಪ್ರಸಂಗ ಒದಗಬಹುದು. ಜೀವಶಾಸ್ತ್ರದ ಸರಣಿಯನ್ನು ಓದುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಹೀಗೆ ಕ್ರಮದ ಮೇಲೆ ಕ್ರಮವನ್ನು ಹೇಳುತ್ತ ಹೋದರೆ, ಹದಿನೆಂಟರ ಹರೆಯದ ಜೀವವನ್ನು ಕೋಷ್ಟಕಕ್ಕೆ ಕಟ್ಟಿಹಾಕಿದಂತಾಗುವುದಿಲ್ಲವೇ ಎಂದು ಸಹೃದಯರು ಕೇಳಬಹುದು. ಆ ಪ್ರಶ್ನೆ ನನ್ನನ್ನೂ ಬಹುಕಾಲ ಕಾಡಿದೆ. ಹಳೆಯ ಕ್ರಮದ ಬದಲು 2025ರಲ್ಲಿ ಜಾರಿಗೆ ಬಂದ ಕ್ಯಾಲ್-ಗೆಟ್ಸಿ ಎಂಬ ಸಾಮಾನ್ಯ ಶಿಕ್ಷಣದ ವಿನ್ಯಾಸವನ್ನು ಎಚ್ಚರದಿಂದ ನೋಡಿದಾಗ ನನಗೆ ಉತ್ತರ ದೊರೆಯಿತು. ಅದರಲ್ಲಿ 11 ಪಾಠಗಳು, 34 ಯೂನಿಟ್ಟುಗಳು. ಸಂಖ್ಯಾಶಾಸ್ತ್ರವು ಮೇಜರಿಗೂ ಸಂದು ಈ ವಿನ್ಯಾಸದ ಗಣಿತವಿಭಾಗಕ್ಕೂ ಸಲ್ಲುತ್ತದೆ. ಮನಶ್ಶಾಸ್ತ್ರ ಪ್ರವೇಶವು ಸಮಾಜವಿಜ್ಞಾನ ವಿಭಾಗಕ್ಕೆ, ಜೀವಶಾಸ್ತ್ರವು ವಿಜ್ಞಾನ ವಿಭಾಗಕ್ಕೆ ಸಲ್ಲುತ್ತದೆ. ಹೀಗೆ ಒಂದೇ ಪಾಠ ಎರಡು ಋಣಗಳನ್ನು ತೀರಿಸುವುದರಿಂದ, 60ರಲ್ಲಿ ಸ್ವಚ್ಛಂದವಾಗಿ ಓದುವುದಕ್ಕೆ ಹತ್ತು ಹದಿನೈದು ಯೂನಿಟ್ಟುಗಳು ಮಿಗುತ್ತವೆ. ಅನುಕ್ರಮವನ್ನು ಬಿಗಿಯಾಗಿ ಹಿಡಿದವನಿಗೇ ಈ ವಿರಾಮ ದಕ್ಕುವುದು. ಸಮಾಜವಿಜ್ಞಾನಗಳ ಎರಡು ಪಾಠಗಳು ಬೇರೆ ಬೇರೆ ಶಾಸ್ತ್ರಗಳವಾಗಿರಬೇಕೆಂಬ ನಿಯಮವನ್ನು ಹೊರೆಯೆಂದು ಗೊಣಗುವವರಿದ್ದಾರೆ. ನನಗಾದರೋ ಅದು ವರವಾಗಿ ಕಾಣುತ್ತದೆ. ಎರಡು ನಾಡುಗಳ ನಡುವೆ ಬೆಳೆದ ನಮ್ಮ ಮಕ್ಕಳು ಅಲ್ಲಿ ಮಾನವಶಾಸ್ತ್ರವನ್ನು ಆರಿಸಿಕೊಂಡರೆ, ಅಜ್ಜಿಯ ಮನೆಯ ಆಚಾರಗಳನ್ನೂ ತಮ್ಮ ಸಹಪಾಠಿಗಳ ಮನೆಯ ರೀತಿನೀತಿಗಳನ್ನೂ ಒಂದೇ ಸಮಚಿತ್ತದಿಂದ ನೋಡುವ ಅಭ್ಯಾಸ ಬರುತ್ತದೆ. ಮನಸ್ಸನ್ನು ಅರಿಯಹೊರಟವರಿಗೆ ಇದಕ್ಕಿಂತ ಮಿಗಿಲಾದ ಸಿದ್ಧತೆ ಬೇಕೇ?

ವಿಷಯ ಸಾಲದೆಂಬ ಎರಡನೆಯ ಸಂದೇಹಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಭಾರತದ ಬಹುತೇಕ ವಿಶ್ವವಿದ್ಯಾನಿಲಯಗಳು ಈ ಶಾಸ್ತ್ರದ ಕಡೆ ಕಣ್ಣು ತೆರೆಯುವ ಮುನ್ನವೇ, 1924ರಷ್ಟು ಹಿಂದೆ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗ ಆರಂಭವಾಯಿತು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ಶಿಕ್ಷಣ ಪಡೆದು ಬಂದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಬೆಳೆಸಿದರು. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರವನ್ನು ನಡೆಸತೊಡಗಿದವರೂ ಅವರೇ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಒಂದಾಗಿ ನಿಮ್ಹಾನ್ಸ್ ಆಯಿತು. ವೈದ್ಯರೂ ಸಾಹಿತಿಗಳೂ ಆಗಿದ್ದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದುದನ್ನು ನೆನೆದರೆ, ಮನಸ್ಸಿನ ವ್ಯಾಧಿಗಳ ವಿಚಾರವನ್ನು ಕನ್ನಡದಲ್ಲಿ ಗೌರವದಿಂದ ಆಡಿದ ಪರಂಪರೆ ನಮಗಿದೆಯೆಂಬುದು ಸ್ಪಷ್ಟವಾಗುತ್ತದೆ. ಆ ಪರಂಪರೆಯ ಅಗತ್ಯ ಇಲ್ಲಿ ಇಂದು ಹೆಚ್ಚಾಗಿದೆ. ಮಕ್ಕಳ ಮನೆಗೆಂದು ದಾವಣಗೆರೆಯಿಂದಲೋ ಶಿವಮೊಗ್ಗದಿಂದಲೋ ಬಂದು, ಹಗಲೆಲ್ಲ ಮಾತಿಗೆ ಜನರಿಲ್ಲದೆ ಕಿಟಕಿಯ ಬಳಿ ಕುಳಿತಿರುವ ತಾಯಂದಿರನ್ನು ನಾವೆಲ್ಲರೂ ಕಂಡಿದ್ದೇವೆ. ಅವರ ಎದೆಯ ಭಾರವನ್ನು ಅವರದೇ ಕನ್ನಡದಲ್ಲಿ ಕೇಳಬಲ್ಲ, ಕೇಳುವ ವಿದ್ಯೆಯನ್ನು ವಿಧಿವತ್ತಾಗಿ ಕಲಿತ ಯುವಜನರು ನಮ್ಮಲ್ಲಿಂದ ಹೊರಡದಿದ್ದರೆ ಮತ್ತೆಲ್ಲಿಂದ ಬರಬೇಕು?

ಅಂಥ ಸೇವೆಯನ್ನು ಮನಸ್ಸಿನಲ್ಲಿಟ್ಟುಕೊಂಡವರು ಒಂದು ಸಂಗತಿಯನ್ನು ಆರಂಭದಲ್ಲಿಯೇ ತಿಳಿದಿರಬೇಕು: ಬಿ.ಎ. ಪದವಿಯೊಂದರಿಂದಲೇ ಯಾರಿಗೂ ಚಿಕಿತ್ಸಕರಾಗುವ ಅಧಿಕಾರ ಬಾರದು. ಕ್ಯಾಲಿಫೋರ್ನಿಯಾದಲ್ಲಿ ವಿವಾಹ ಮತ್ತು ಕುಟುಂಬ ಚಿಕಿತ್ಸಕರಾಗಲು ಸ್ನಾತಕೋತ್ತರ ಪದವಿಯೂ ಮೇಲ್ವಿಚಾರಣೆಯಲ್ಲಿ 3000 ಗಂಟೆಗಳ ಅನುಭವವೂ ಬೇಕು. ಸೈಕಾಲಜಿಸ್ಟ್ ಎಂಬ ಪರವಾನಗಿಗೆ ಅಷ್ಟೇ ಗಂಟೆಗಳ ಅನುಭವದೊಡನೆ ಡಾಕ್ಟರೇಟ್ ಬೇಕು. ಈ ದೀರ್ಘವಾದ ಸೋಪಾನದ ಪ್ರತಿ ಮೆಟ್ಟಿಲಿನಲ್ಲಿಯೂ ಹಿಂದಿನ ಅಂಕಪಟ್ಟಿಗಳನ್ನು ಕೇಳುತ್ತಾರೆ. ಹೈಸ್ಕೂಲಿನಲ್ಲಿರುವಾಗಲೇ ಕಮ್ಯೂನಿಟಿ ಕಾಲೇಜಿನಲ್ಲಿ ಓದಿದ ಪಾಠದ ಅಂಕವೂ ಕಾಲೇಜಿನ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುವುದರಿಂದ, ಬೇಸಗೆಯ ಬಿಡುವಿಗೊಂದು ಪಾಠವಿರಲೆಂದು ಮಕ್ಕಳನ್ನು ಅವಸರದಲ್ಲಿ ಸೇರಿಸುವ ಮುನ್ನ ಯೋಚಿಸುವುದು ಒಳಿತು. ಹೈಸ್ಕೂಲಿನ ಎ.ಪಿ. ಸೈಕಾಲಜಿಯಲ್ಲಿ 3 ಅಥವಾ ಹೆಚ್ಚಿನ ಅಂಕ ಬಂದಿದ್ದರೆ, ಅದು ತಲಪಬೇಕಾದ ಕ್ಯಾಂಪಸ್ಸಿನಲ್ಲಿ ಪ್ರವೇಶ ಪಾಠಕ್ಕೆ ಬದಲಾಗಿ ಸಲ್ಲುವುದೇ, ಬರಿಯ ಯೂನಿಟ್ಟಾಗಿ ಸಲ್ಲುವುದೇ ಎಂಬುದನ್ನು ವಿಚಾರಿಸಿದ ಮೇಲೆಯೇ ಅದೇ ಪಾಠಕ್ಕೆ ಮತ್ತೆ ಹೆಸರು ಬರೆಸಬೇಕು; ಒಂದೇ ವಿಷಯವನ್ನು ಎರಡು ಬಾರಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸ್ನಾತಕೋತ್ತರ ಪ್ರವೇಶಕ್ಕೆ ಅಧ್ಯಾಪಕರ ಪತ್ರಗಳು ಬೇಕಾಗುವುವು. ಟ್ರಾನ್ಸ್‌ಫರ್ ಆಗಿ ಬಂದವರಿಗೆ ಹೊಸ ಕ್ಯಾಂಪಸ್ಸಿನಲ್ಲಿ ಅಧ್ಯಾಪಕರ ಪರಿಚಯವಾಗಲು ಉಳಿದವರಿಗಿಂತ ಅರ್ಧದಷ್ಟೇ ಕಾಲಾವಕಾಶ. ಆದುದರಿಂದ ಮೂರನೆಯ ವರ್ಷದ ಮೊದಲ ಅವಧಿಯಲ್ಲಿಯೇ, ಸಂಶೋಧನಾ ವಿಧಾನಗಳನ್ನು ಮುಗಿಸಿಕೊಂಡು ಬಂದಿರುವುದನ್ನು ಹೇಳಿಕೊಂಡು, ಪ್ರಯೋಗಶಾಲೆಯೊಂದರಲ್ಲಿ ಸಹಾಯಕರಾಗಿ ಸೇರಿಕೊಳ್ಳಲು ಕೇಳಬೇಕು. ಕಮ್ಯೂನಿಟಿ ಕಾಲೇಜಿನಲ್ಲಿ ಆ ಪಾಠವನ್ನು ಹೇಳಿಕೊಟ್ಟವರೊಡನೆ ಪತ್ರವ್ಯವಹಾರವನ್ನು ಉಳಿಸಿಕೊಳ್ಳಬೇಕು. ಪ್ರತಿಯೊಂದು ತರಗತಿಯ ಸಿಲಬಸ್ಸನ್ನೂ ಒಂದು ಕಡತದಲ್ಲಿ ಜೋಡಿಸಿಡಬೇಕು, ಏಕೆಂದರೆ ಮುಂದೆ ಹೊರರಾಜ್ಯದ ವಿಶ್ವವಿದ್ಯಾನಿಲಯವೊಂದು ಆ ಪಾಠದಲ್ಲಿ ಏನನ್ನು ಓದಿದಿರೆಂದು ಕೇಳಿದಾಗ ತೋರಿಸಲು ಕೈಯಲ್ಲಿರುವ ಸಾಕ್ಷ್ಯ ಅದೊಂದೇ.