ಬಿರುಕಿಲ್ಲದ ಚೌಕ

ಪುಟ್ಟೇನಹಳ್ಳಿಯ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಕಪ್ಪು ಚೌಕವಿದೆ. ರಷ್ಯಾದ ಕಲಾವಿದ ಮಲೇವಿಚ್‌ನ ಚಿತ್ರದ ಪ್ರತಿ, ಬ್ರಷ್ಡ್ ಅಲ್ಯೂಮಿನಿಯಂ ಮೇಲೆ ಅಚ್ಚಾದದ್ದು. ಬಿಳಿ ಇರಬೇಕಾದ ಕಡೆ ಶಾಯಿಯಿಲ್ಲ, ಲೋಹವೇ ಕಾಣುತ್ತದೆ. ಬಿಸಿಲು ಬಿದ್ದಾಗ ಅದರ ಸಣ್ಣ ಗೀರುಗಳು ಹೊಳೆಯುತ್ತವೆ. ಸೋಫಾಕ್ಕೆ ಹೊಂದುತ್ತದೆಂದು ಕೊಂಡಿದ್ದೆ.

ಮೊನ್ನೆ ಗೆಳೆಯ ಬಂದವನು, "ನಕಲು ತಾನೇ? ಮತ್ಯಾಕೆ ತೂಗುಹಾಕಿದ್ದೀಯ?" ಎಂದ. ಉತ್ತರ ಹೊಳೆಯಲಿಲ್ಲ.

ನಕಲಾಗಿರುವುದೇ ತಪ್ಪಾದರೆ ನಮ್ಮಜ್ಜಿಯ ಲಕ್ಷ್ಮೀ ಪಟವೂ ತಪ್ಪೇ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಅಂಥ ಪಟಗಳು ಮನೆಮನೆ ಸೇರಿದವು. ಮೂಲಚಿತ್ರ ಎಲ್ಲಿದೆಯೆಂದು ಅಜ್ಜಿ ಕೇಳಲಿಲ್ಲ. ದಿನವೂ ದೀಪ ಹಚ್ಚಿದಳು. ದೀಪದ ಹೊಗೆ, ಕುಂಕುಮ ಹತ್ತಿ ಹತ್ತಿ ಆ ಪಟ ಅವಳದೇ ಆಯಿತು.

1915ರಲ್ಲಿ ಪೆಟ್ರೊಗ್ರಾಡ್‌ನ ಪ್ರದರ್ಶನವೊಂದರಲ್ಲಿ ಮಲೇವಿಚ್ ತನ್ನ ಚೌಕವನ್ನು ಎರಡು ಗೋಡೆ ಕೂಡುವ ಮೂಲೆಯಲ್ಲಿ, ಎತ್ತರದಲ್ಲಿ ತೂಗುಹಾಕಿದ. ರಷ್ಯನ್ನರ ಮನೆಗಳಲ್ಲಿ ಅದು ದೇವರ ಪಟದ ಜಾಗ. ಮುಂದೆ ಅವನೇ ಆ ಚೌಕವನ್ನು ಮತ್ತೆ ಮತ್ತೆ ಬರೆದ. ಈಗ ಮಾಸ್ಕೋದಲ್ಲಿರುವ ಮೊದಲ ಚಿತ್ರದ ಬಣ್ಣ ತುಂಬ ಬಿರುಕುಬಿಟ್ಟಿದೆ.

ನನ್ನದರಲ್ಲಿ ಬಿರುಕಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೆರಳಿನ ಗುರುತೂ ಉಳಿಯದು. ಎರಡು ವರ್ಷದಲ್ಲಿ ನಾನು ಅದನ್ನು ನೋಡಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಅಜ್ಜಿ ತನ್ನ ಪಟಕ್ಕೆ ಕೊಟ್ಟದ್ದನ್ನು ನಾನು ಇದಕ್ಕೆ ಕೊಟ್ಟೇ ಇಲ್ಲ. ನಾಚಿಕೆಯಾದದ್ದು ಅದಕ್ಕೆ, ಪ್ರತಿಯನ್ನು ಕೊಂಡದ್ದಕ್ಕಲ್ಲ.

ಗೆಳೆಯ ಹೋದ ಮೇಲೆ ಕುರ್ಚಿ ಎಳೆದುಕೊಂಡು ಅದರೆದುರು ಕೂತೆ. ಸಂಜೆಯ ಬೆಳಕು ಸರಿಯಿತು, ಲೋಹ ಮಂಕಾಯಿತು. ಚೌಕ ಎಲ್ಲಿ ಮುಗಿಯುತ್ತದೆ ಎಂದು ತಿಳಿಯದಷ್ಟು ಕತ್ತಲಾದರೂ ದೀಪ ಹಾಕಲು ಮನಸ್ಸಾಗಲಿಲ್ಲ.